ಹೆರೆದು ತೆಗೆದ ಹೆಸರು

ಕಳೆದ ತಿಂಗಳು ಒಂದು ಶನಿವಾರ ಅಪ್ಪರ್ ಹಟ್‌ಗೆ ಹೋಗುವ ರೈಲಿನಲ್ಲಿ, ಆಟ ಮುಗಿಸಿ ಬಂದ ಹೆಂಗಸೊಬ್ಬಳು ನನ್ನೆದುರು ಕೂತಳು. ಮೊಣಕಾಲಿನ ತನಕ ಕೆಸರು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ರಗ್ಬಿ ಬೂಟುಗಳು. ತೊಡೆಗೆ ತಿಕ್ಕಿಕೊಂಡಿದ್ದ ನೋವಿನ ಎಣ್ಣೆಯ ವಾಸನೆ, ಕರ್ಪೂರವನ್ನೂ ಟರ್ಪೆಂಟೈನನ್ನೂ ಸೇರಿಸಿ ಕಾಯಿಸಿದಂಥ ವಾಸನೆ, ಬೋಗಿಯ ತುಂಬ ಹರಡಿತು. ನಾನು ಎದ್ದು ಮುಂದಿನ ಬೋಗಿಗೆ ಹೊರಟೆ. ತನ್ನ ಕೆಸರಿಗೆ ಹೇಸಿ ಎದ್ದೆನೆಂದು ಅವಳು ತಿಳಿದಿರಬೇಕು, "ಸಾರಿ" ಎಂದಳು. ತಿರುಗಿ ನಿಂತು, ಅದಲ್ಲ ಕಾರಣ ಎನ್ನಬಹುದಿತ್ತು. ಅನ್ನಲಿಲ್ಲ. ಹೇಳಬೇಕಾದ ಹೊತ್ತಿಗೆ ಹೇಳದೇ ಇರುವುದು ನನಗೆ ಹೊಸದಲ್ಲ.

ಆ ವಾಸನೆ ನನಗೆ ಮೊದಲು ತಗುಲಿದ್ದು 2014ರ ಚಳಿಗಾಲದಲ್ಲಿ, ಕ್ರೈಸ್ಟ್‌ಚರ್ಚ್‌ನಲ್ಲಿ, ಎಂಬತ್ತಮೂರು ವರ್ಷದ ಒಬ್ಬರ ಮಂಚದ ಕೆಳಗಿದ್ದ ಟ್ರಂಕಿನ ಮುಚ್ಚಳ ಎತ್ತಿದಾಗ.

ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದ ನಾನು ಆಗ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯವನ್ನು ಮತ್ತೊಮ್ಮೆ ಓದುತ್ತಿದ್ದೆ. ರಿಕ್ಕರ್ಟನ್ ಬಡಾವಣೆಯ ಮಾಲ್ ಹಿಂದಿನ ಬೀದಿಯಲ್ಲಿ ಒಂದು ಮರದ ಮನೆ. ಫ್ಲ್ಯಾಟ್‌ಮೇಟ್ ಹುಬ್ಬಳ್ಳಿಯ ಶಿಲ್ಪಾ. ಅವಳು ಸಿವಿಲ್ ಎಂಜಿನಿಯರ್, ಮೂರು ವರ್ಷ ಹಿಂದಿನ ಭೂಕಂಪದಲ್ಲಿ ಒಡೆದ ಒಳಚರಂಡಿ ಕೊಳವೆಗಳನ್ನು ಅಳೆಯುವ ಕೆಲಸ. ಆ ಊರಲ್ಲಿ ಆ ವರ್ಷ ಎಲ್ಲಿ ನೋಡಿದರೂ ರಸ್ತೆ ಅಗೆದಿತ್ತು, ಎಲ್ಲಿ ನೋಡಿದರೂ ಕಿತ್ತಳೆ ಬಣ್ಣದ ಶಂಕುಗಳು. ಬೆಳಿಗ್ಗೆ ಏಳುವಾಗ ಕಿಟಕಿಯ ಗಾಜು ಒಳಗಡೆಯಿಂದ ಬೆವತಿರುತ್ತಿತ್ತು. ಅದನ್ನು ಟವೆಲ್‌ನಿಂದ ಒರೆಸಿ ಹಿಂಡುವುದು ದಿನದ ಮೊದಲ ಕೆಲಸ. ಒರೆಸದೆ ಬಿಟ್ಟರೆ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತಿತ್ತು.

ವಾರದಲ್ಲಿ ಕೆಲವು ಗಂಟೆ ನಾನು ಒಂದು ಏಜೆನ್ಸಿಯ ಮೂಲಕ ವಯಸ್ಸಾದವರ ಮನೆಗೆಲಸಕ್ಕೆ ಹೋಗುತ್ತಿದ್ದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಜಾಯ್ಸ್ ಹ್ಯಾಲಮ್ ಅವರ ಮನೆ. ನಿವೃತ್ತ ಶಾಲಾ ಶಿಕ್ಷಕಿ, ಮದುವೆಯಾಗಿರಲಿಲ್ಲ. ಹುಟ್ಟಿದಂದಿನಿಂದ ಇದ್ದ, ಊರಿನ ಪೂರ್ವ ಭಾಗದ ಮನೆ, ಭೂಕಂಪದ ನಂತರ ನೆಲ ಕುಸಿದು ಬೀದಿಗೆ ಬೀದಿಯೇ ಖಾಲಿಯಾದಾಗ, ಕೈಬಿಟ್ಟುಹೋಗಿತ್ತು. ರಿಕ್ಕರ್ಟನ್‌ನ ಈ ಒಂದು ಕೋಣೆಯ ಮನೆಗೆ ಅವರು ತಂದದ್ದು ಒಂದು ಮಂಚ, ಅಮ್ಮನ ಅಡುಗೆಯ ಪುಸ್ತಕ, ಅಪ್ಪನ ಟ್ರಂಕು. ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು. ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ತಿಳಿಯುತ್ತಿತ್ತು, ಅವರ ಮುಖ ಕಾಣುತ್ತಿರಲಿಲ್ಲ; ಅಕ್ಷರಗಳಂತೂ ಇಲ್ಲವೇ ಇಲ್ಲ.

"ಮಿಸ್ ಹ್ಯಾಲಮ್" ಎಂದು ಮೊದಲ ದಿನ ಕರೆದೆ.

"ಹಾಗೆ ಕರೆದರೆ ನಿನ್ನ ಹೋಮ್‌ವರ್ಕ್ ಕೇಳಬೇಕಾಗತ್ತೆ, ಲವ್. ಜಾಯ್ಸ್ ಅನ್ನು."

ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಮಾಲ್‌ನಲ್ಲಿ ಸಿಗುವ ಕನ್ನಡದ ಹೆಂಗಸರನ್ನೆಲ್ಲ ಆಂಟಿ ಅನ್ನುತ್ತಿದ್ದೆ, ಇವರನ್ನು ಹಾಗೆ ಕರೆಯುವುದೂ ಸರಿ ಕಾಣಲಿಲ್ಲ. ಆದ್ದರಿಂದ ಯಾವ ಸಂಬೋಧನೆಯೂ ಬೇಕಾಗದಂತೆ ವಾಕ್ಯಗಳನ್ನು ಜೋಡಿಸಲು ಕಲಿತೆ. ಏನಾದರೂ ಹೇಳಬೇಕಾದರೆ ಅವರ ಹತ್ತಿರ ಹೋಗಿ ನಿಂತು ಮಾತು ಶುರುಮಾಡುತ್ತಿದ್ದೆ. ಇಡೀ ಚಳಿಗಾಲ ಹೀಗೇ ನಡೆಯಿತು. ಅವರು ಗಮನಿಸಿರಲಿಲ್ಲ ಎಂದೇ ನಂಬಿದ್ದೆ.

ನಾನು ಇತಿಹಾಸ ಓದುತ್ತಿರುವುದು ಅವರಿಗೆ ಗೊತ್ತಾದದ್ದು ಮೇ ಕೊನೆಯಲ್ಲಿ. "ಹಾಗಾದರೆ ಬಚ್ಚಲು ತಿಕ್ಕಿ ಯಾಕೆ ಹೊತ್ತು ಹಾಳು ಮಾಡ್ತಿದೀಯ? ಮಂಚದ ಕೆಳಗೆ ಟ್ರಂಕಿದೆ, ಎಳಿ" ಎಂದರು.

ಟ್ರಂಕಿನಲ್ಲಿ ಚರ್ಮದ ಒಂದು ಶಿರಸ್ತ್ರಾಣ, ಬೂಟು, ತೂತುಬಿದ್ದ ಉಣ್ಣೆಯ ಜೆರ್ಸಿ, ನಾಲ್ಕು ಫೋಟೊ, ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಪುಸ್ತಕ. ಎಲ್ಲಕ್ಕೂ ಆ ಎಣ್ಣೆಯ ವಾಸನೆ. ತೊಂಬತ್ತು ವರ್ಷ ಹಳೆಯ ಚರ್ಮ ಅದನ್ನು ಹೇಗೆ ಹಿಡಿದಿಟ್ಟಿತ್ತೋ ತಿಳಿಯದು.

"ಹಾಕ್ಕೋ" ಎಂದರು ಜಾಯ್ಸ್, ಶಿರಸ್ತ್ರಾಣದ ಕಡೆ ಕೈ ಮಾಡಿ.

ಹಾಕಿಕೊಂಡೆ. ಕಿವಿಯ ಜಾಗದಲ್ಲಿ ಸಣ್ಣ ತೂತುಗಳು. ಒಳಗೆ ಹತ್ತಿಯಿಲ್ಲ, ಮೆತ್ತೆಯಿಲ್ಲ. ಬರಿಯ ಚರ್ಮ ತಲೆಬುರುಡೆಗೆ ತಾಗುತ್ತಿತ್ತು. ಅವರು ಬೆರಳ ಗೆಣ್ಣಿನಿಂದ ನನ್ನ ನೆತ್ತಿಗೆ ಟಕ್ಕೆಂದು ಕುಟ್ಟಿದರು. ನೋವಾಯಿತು.

"ಅಪ್ಪ ಇದನ್ನ ಹಾಕ್ಕೊಂಡು ನಾಲ್ಕು ವರ್ಷ ಆಡಿದ್ದು" ಎಂದರು, ಹೆಮ್ಮೆಯಿಂದ.

ಅಪ್ಪನ ಹೆಸರು ವಿಲ್ಫ್ ಹ್ಯಾಲಮ್. ಇಪ್ಪತ್ತರ ದಶಕದ ಮೊದಲಲ್ಲಿ ಹಡಗಿನಲ್ಲಿ ಕಲ್ಲಿದ್ದಲು ಎರಚುವ ಕೆಲಸಕ್ಕೆ ಸೇರಿ, ಅಮೆರಿಕದ ಬಂದರಿನಲ್ಲಿ ಇಳಿದವರು ಮತ್ತೆ ಹಡಗು ಹತ್ತಲಿಲ್ಲ. ಒಹಾಯೊದ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಊಟದ ಬಿಡುವಿನಲ್ಲಿ ಅವರು ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಅದು ಪುಟಿದೇಳುವ ಕ್ಷಣಕ್ಕೆ ಒದ್ದು, ಕಾರ್ಖಾನೆಯ ಬೇಲಿ ದಾಟಿಸುತ್ತಿದ್ದರು. ಇಲ್ಲಿಯ ರಗ್ಬಿಯಲ್ಲಿ ಎಲ್ಲರೂ ಕಲಿಯುವ ಒದೆತ ಅದು. ಅಲ್ಲಿಯ ಫುಟ್‌ಬಾಲಿನಲ್ಲೂ ಆಗ ಹಾಗೆ ಒದ್ದು ಕಂಬಗಳ ನಡುವೆ ಹಾಯಿಸಿದರೆ ಮೂರು ಅಂಕ. ಆದರೆ ಅದನ್ನು ಬಲ್ಲವರು ಕಡಿಮೆ. ಊರಿನ ತಂಡದವರು ಬಂದು ಕರೆದೊಯ್ದರು. ವಾರವೆಲ್ಲ ಕುಲುಮೆಯ ಮುಂದೆ, ಭಾನುವಾರ ಮೈದಾನದಲ್ಲಿ. ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ, ಮೊದಲ ಸೀಟಿಯಿಂದ ಕೊನೆಯ ಸೀಟಿಯ ತನಕ. ಆಡಿದ್ದಕ್ಕೆ ಸಂಬಳ.

ಸಂಬಳವೇ ತೊಡಕು. ಇಲ್ಲಿಯ ರಗ್ಬಿ ಆಗ ಹವ್ಯಾಸಿಗಳದು. ಫುಟ್‌ಬಾಲ್ ಎನ್ನಬಹುದಾದ ಯಾವ ಆಟಕ್ಕೇ ಆಗಲಿ, ಒಮ್ಮೆ ಸಂಬಳ ಪಡೆದವನನ್ನು ಅವರ ಕ್ಲಬ್ಬು ಮತ್ತೆಂದೂ ಮೈದಾನಕ್ಕೆ ಇಳಿಸುತ್ತಿರಲಿಲ್ಲ. ಆಟಕ್ಕಷ್ಟೇ ಅಲ್ಲ, ತರಬೇತಿಗೂ ಇಲ್ಲ. ಊರಿಗೆ ಮರಳಿ ಆಡುವ ಆಸೆಯಿದ್ದ ವಿಲ್ಫ್ ಅಮೆರಿಕದಲ್ಲಿ ನೆಡ್ ರೀಡ್ ಎಂಬ ಹೆಸರಿನಲ್ಲಿ ಆಡಿದರು. ಪತ್ರಿಕೆಯ ತುಣುಕುಗಳಲ್ಲೆಲ್ಲ ಇರುವುದು ಆ ಹೆಸರೇ. ನಾನು ಓದಿ ಹೇಳುತ್ತಿದ್ದೆ, ಜಾಯ್ಸ್ ಕಣ್ಣುಮುಚ್ಚಿ ಕೇಳುತ್ತಿದ್ದರು. ಒಂದು ಪತ್ರಿಕೆ ಅವರನ್ನು ಆಸ್ಟ್ರೇಲಿಯದವನು ಎಂದು ಬರೆದಿತ್ತು.

"ಆಸ್ಟ್ರೇಲಿಯ!" ಎಂದು ಜಾಯ್ಸ್ ಕುರ್ಚಿಯ ತೋಳು ಗುದ್ದಿದರು. "ಅದಕ್ಕೊಂದು ತಿದ್ದುಪಡಿ ಹಾಕು. ಕೆಳಗೆ, ಸಣ್ಣಕ್ಷರದಲ್ಲಿ."

ಸಣ್ಣಕ್ಷರದ ರುಚಿ ಹತ್ತಿಸಿದ್ದು ನಾನೇ. ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಓದಿ ಹೇಳುವಾಗ ಪುಟದ ಕೆಳಗಿನ ಟಿಪ್ಪಣಿಗಳನ್ನೂ ಓದುತ್ತಿದ್ದೆ. ಲೇಖಕರು ಮೇಲೆ ಹೇಳಲು ಧೈರ್ಯವಿಲ್ಲದ್ದನ್ನು ಅಲ್ಲಿ ಅಡಗಿಸಿರುತ್ತಾರೆ ಎಂದು ಒಮ್ಮೆ ಹೇಳಿದ್ದೆ. ಅಂದಿನಿಂದ ಪ್ರತಿ ಪುಟದ ಕೊನೆಗೂ ಅವರ ಪ್ರಶ್ನೆ ಅದೇ: "ಕೆಳಗೇನಿದೆ?"

ಮೂರನೆಯ ವರ್ಷದ ನವೆಂಬರಿನ ಒಂದು ತುಣುಕು ನನಗೆ ಇನ್ನೂ ನೆನಪಿದೆ. ಇಬ್ಬರು ಒಟ್ಟಿಗೆ ಮೇಲೆ ಬಿದ್ದು ನೆಡ್ ರೀಡ್ ಪ್ರಜ್ಞೆ ತಪ್ಪಿದ್ದರು. ಹೊತ್ತೊಯ್ದು ಮುಖಕ್ಕೆ ನೀರೆರಚಿದರು. ಅವರು ಎದ್ದು ಬಂದು, ಕೊನೆಯ ಗಳಿಗೆಯಲ್ಲಿ ಒದ್ದು, ತಂಡವನ್ನು ಗೆಲ್ಲಿಸಿದರು. ಮರುದಿನ ತಾನು ಗೆಲ್ಲಿಸಿದ್ದೇ ಅವರಿಗೆ ನೆನಪಿರಲಿಲ್ಲ. ಪತ್ರಿಕೆಗೆ ಅದೊಂದು ತಮಾಷೆ, ಜಾಯ್ಸ್‌ಗೂ. ನಾಲ್ಕನೆಯ ವರ್ಷ ತಂಡ ಮುಚ್ಚಿಹೋಯಿತು. ಡೊಂಕು ಮೂಗು, ಮಡಚಲಾಗದ ಎರಡು ಬೆರಳುಗಳೊಂದಿಗೆ ಅವರು ಊರಿಗೆ ಮರಳಿದರು. ಬಾಯಿ ಬಿಡದೆ ತಮ್ಮ ಹಳೆಯ ರಗ್ಬಿ ಕ್ಲಬ್ಬಿಗೆ ಸೇರಿದರು, ಮದುವೆಯಾದರು, ಎರಡು ವರ್ಷದಲ್ಲಿ ಕ್ಯಾಪ್ಟನ್ ಆದರು. ಜಾಯ್ಸ್ ಹುಟ್ಟಿದ ಚಳಿಗಾಲ, ಆಟದ ಋತುವಿನ ನಡುವೆ, ಕ್ಲಬ್ಬು ಅವರನ್ನು ಹೊರಹಾಕಿತು. ಕ್ಯಾಪ್ಟನ್ನರ ಹೆಸರು ಬರೆದ ಮರದ ಹಲಗೆಯಿಂದ ಆ ಚಿನ್ನದ ಅಕ್ಷರಗಳನ್ನು ಉಳಿ ಹಿಡಿದು ಹೆರೆದರು.

"ಹನ್ನೆರಡು ವರ್ಷದವಳಿದ್ದಾಗ ಗೆಳತಿಯ ಬರ್ತ್‌ಡೇಗೆ ಆ ಕ್ಲಬ್ಬಿನ ಹಾಲ್‌ಗೆ ಹೋಗಿದ್ದೆ" ಎಂದರು ಜಾಯ್ಸ್. "ಹಲಗೇಲಿ ಒಂದು ಕಡೆ ತಗ್ಗು. ಬೆರಳಿಟ್ಟು ನೋಡಿದೆ. ನುಣ್ಣಗಿತ್ತು. ಅದರ ಕೆಳಗಿನ ಹೆಸರು ಲೆಸ್ ಬಾರ್ಕರ್."

ಲೆಸ್ ಬಾರ್ಕರ್ ಉಪನಾಯಕ. ಅಪ್ಪನ ಜಾಗ ಸಿಕ್ಕಿದ್ದು ಅವನಿಗೆ. ಅಮೆರಿಕದ ಗುಟ್ಟನ್ನು ಕ್ಲಬ್ಬಿಗೆ ತಿಳಿಸಿದವನೂ ಅವನೇ ಎಂಬುದು ಜಾಯ್ಸ್ ಅವರ ಬದುಕಿನ ಗಟ್ಟಿ ನಂಬಿಕೆ. ಅಪ್ಪ ಯಾರನ್ನೂ ದೂರಲಿಲ್ಲ. ಮನೆಯಿಂದ ಎರಡು ಬೀದಿ ಆಚೆ ಮೈದಾನ. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ, ಜನರ ಕೂಗು ಏಳುವ ಹೊತ್ತಿಗೆ, ಅವರು ಹಿತ್ತಲಲ್ಲಿ ಕೊಡಲಿ ಹಿಡಿದು ಕಟ್ಟಿಗೆ ಒಡೆಯತೊಡಗುತ್ತಿದ್ದರು. ಆ ಕೂಗು ಕೇಳಬಾರದು. ಜಾಯ್ಸ್ ಒಡೆದದ್ದನ್ನು ಒಟ್ಟುತ್ತಿದ್ದರು. ಮೂರು ಮನೆಗೆ ಸಾಕಾಗುವಷ್ಟು ಕಟ್ಟಿಗೆ ಬೇಲಿಯುದ್ದಕ್ಕೂ ಬಿದ್ದಿರುತ್ತಿತ್ತು.

ಭೂಕಂಪದಲ್ಲಿ ಬಿರುಕು ಬಿಟ್ಟ ಕ್ಲಬ್ಬಿನ ಕಟ್ಟಡ ಹೊಸದಾಗಿ ಎದ್ದಿತ್ತು. ಸೆಪ್ಟೆಂಬರಿನಲ್ಲಿ ಉದ್ಘಾಟನೆ, ಹೊಸ ಹಲಗೆ. ಅದರಲ್ಲಿ ಅಪ್ಪನ ಹೆಸರು ಇರಬೇಕು: ಜಾಯ್ಸ್‌ಗೆ ಉಳಿದಿದ್ದ ಒಂದೇ ಆಸೆ. ಕ್ಲಬ್ಬಿನ ಕಾರ್ಯದರ್ಶಿ ಗ್ರೇಯಮ್ ಬಾರ್ಕರ್, ಲೆಸ್‌ನ ಮೊಮ್ಮಗ, ಐವತ್ತು ದಾಟಿದವನು. ಜೂನಿನ ಒಂದು ಶನಿವಾರ ಅವನು ಹಿಂಬದಿ ತೆರೆದ ತನ್ನ ಯೂಟ್ ಗಾಡಿ ನಿಲ್ಲಿಸಿ ಬಾಗಿಲಿಗೆ ಬಂದ. ಜಾಯ್ಸ್ ಒಳಗೆ ಕರೆಯಲಿಲ್ಲ. ಬಾಗಿಲಿಗೆ ಅಡ್ಡ ನಿಂತರು.

"ಮುಖ ಕಾಣಲ್ಲ, ಆದರೂ ಗೊತ್ತಾಗತ್ತೆ. ಅಜ್ಜನ ಮೂಗೇ ಬಂದಿರಬೇಕು ನಿನಗೆ, ಪಾಪ."

"ನನ್ನ ಹೆಂಡತೀನೂ ಪಾಪ ಅಂತಾಳೆ, ಜಾಯ್ಸ್" ಎಂದು ಗ್ರೇಯಮ್ ನಕ್ಕ. ಆಮೇಲೆ ವಿಷಯಕ್ಕೆ ಬಂದ. "ಈಗ ಎಲ್ಲರೂ ಸಂಬಳಕ್ಕೇ ಆಡೋದು. ಅದಕ್ಕೆ ಯಾರೂ ಬೇಡ ಅನ್ನಲ್ಲ. ಆದರೆ ಹೆಸರು ತೆಗೆದದ್ದು ಯಾಕೆ ಅಂತ ಕಮಿಟೀಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಳ್ಳತನ ಅಂತ ಕೆಲವರು, ಇನ್ನೂ ಕೆಟ್ಟದ್ದು ಅಂತ ಕೆಲವರು. ಬರೀ ಅಮೆರಿಕದ ಆಟವೇ ಕಾರಣ ಅನ್ನೋದಕ್ಕೆ ಕಾಗದ ಬೇಕು. ಆಗಸ್ಟ್ ಕೊನೆಗೆ ಹಲಗೆ ಬರೆಯೋನು ಬರ್ತಾನೆ."

"ಕಾಗದ ಇವಳು ಕೊಡ್ತಾಳೆ" ಎಂದು ಜಾಯ್ಸ್ ನನ್ನ ತೋಳು ಹಿಡಿದರು. ಆ ಹಿಡಿತಕ್ಕೆ ಉಬ್ಬಿದೆ ಎಂದು ಒಪ್ಪಿಕೊಳ್ಳಬೇಕು.

ಮನೆಗೆ ಬಂದರೆ ಶಿಲ್ಪಾ ಹೀಟರಿನ ಮುಂದೆ ಕಂಬಳಿ ಹೊದ್ದು ಕೂತಿರುತ್ತಿದ್ದಳು.

"ಏನವಾ ಮೈಸೂರಮ್ಮ, ಇಲ್ಲಿ ಥೀಸಿಸ್ ಬರಿಯಾಕ ಬಂದೀಯೋ, ಮುದುಕಿ ಟ್ರಂಕ್ ಒರಸಾಕ ಬಂದೀಯೋ?"

"ಸುಮ್ನಿರೇ. ಒಂದು ಕಿತ್ತಳೆ ಹಣ್ಣು ಕೊಡು, ಆ ಒದೆತ ಹೇಗಂತ ತೋರಿಸ್ತೀನಿ."

"ಬ್ಯಾಡ ತಾಯಿ, ಮೊನ್ನೆ ತೋರಿಸಿದ್ದು ಫ್ರಿಜ್ಜಿನ ಹಿಂದ ಇನ್ನೂ ಅದ."

ನೆಡ್ ರೀಡ್ ಮತ್ತು ವಿಲ್ಫ್ ಹ್ಯಾಲಮ್ ಒಬ್ಬನೇ ಎಂದು ತೋರಿಸಲು ನನಗೆ ಮೂರು ಶನಿವಾರ ಬೇಕಾಯಿತು. ಅಮೆರಿಕದ ತಂಡದ ಫೋಟೊದಲ್ಲಿ ಮುಖಗಳ ತುಂಬ ಕೆಸರು, ಹಣೆಯ ತನಕ ಶಿರಸ್ತ್ರಾಣ. ಕೊನೆಗೆ ನಾನು ಮುಖ ಬಿಟ್ಟು ಕಾಲು ನೋಡಿದೆ. ಹತ್ತು ಜನ ಬೂಟಿನ ಉದ್ದದ ಲೇಸನ್ನು ಕಣಕಾಲಿಗೆ ಸುತ್ತಿದ್ದರು. ಹಿಂದಿನ ಸಾಲಿನ ತುದಿಯಲ್ಲಿ ನಿಂತವನು ಮಾತ್ರ ಅದನ್ನು ಅಟ್ಟೆಯ ಕೆಳಗಿನಿಂದ ಎರಡು ಸುತ್ತು ತಂದು ಪಾದದ ಮೇಲೆ, ಎಡಕ್ಕೆ, ಗಂಟು ಹಾಕಿದ್ದ. ಇಲ್ಲಿಯ ಕ್ಲಬ್ಬಿನ ಫೋಟೊದಲ್ಲಿ ಚೆಂಡು ಹಿಡಿದು ಕೂತ ವಿಲ್ಫ್ ಹ್ಯಾಲಮ್ ಅವರ ಬೂಟಿಗೂ ಅದೇ ಸುತ್ತು, ಎಡಕ್ಕೇ ಅದೇ ಗಂಟು. ಹೆಸರು ಬದಲಿಸಿದವರು ಲೇಸು ಕಟ್ಟುವ ರೀತಿಯನ್ನು ಬದಲಿಸಿರಲಿಲ್ಲ. ಅದನ್ನು ಹೇಳಿದಾಗ ಜಾಯ್ಸ್ ಟ್ರಂಕಿನ ಬೂಟನ್ನು ಕೇಳಿ ಪಡೆದು, ಅದರ ಅಟ್ಟೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ಹೌದು, ನನಗೂ ಹಾಗೇ ಕಟ್ಟಿ ಕಳಿಸ್ತಿದ್ದರು ಸ್ಕೂಲಿಗೆ" ಎಂದರು.

ಜುಲೈ ನಡುವೆ ಅವರಿಗೆ ಎಂಬತ್ತನಾಲ್ಕು ತುಂಬಿತು. ಅವರ ಅಮ್ಮನ ಅಡುಗೆಯ ಪುಸ್ತಕ ನೋಡಿ ನಾನು ಶುಂಠಿಯ ಕೇಕ್ ಮಾಡಿದೆ. ಗೆರೆ ಹಾಕಿದ ಹಾಳೆಗಳ ನೋಟ್‌ಬುಕ್ಕು. ಒತ್ತಿ ಬರೆದ, ಬಾಲಗಳನ್ನು ಅರ್ಧಕ್ಕೇ ಮುರಿದುಬಿಡುವ ಅಕ್ಷರ. ನಡುವೆ ಒಂದು ಹಾಳೆ ಹರಿದುಹೋಗಿ, ಹೊಲಿಗೆಯ ಪಕ್ಕದಲ್ಲಿ ಹಲ್ಲುಹಲ್ಲಾದ ಅಂಚು ಉಳಿದಿತ್ತು. ಕೇಕ್ ತಿನ್ನುತ್ತಾ ಜಾಯ್ಸ್ ಅಪ್ಪನ ತಮಾಷೆಗಳನ್ನು ಹೇಳಿದರು. ಕ್ಯಾಪ್ಟನ್ ಆಗಿದ್ದ ವರ್ಷ ಒಂದು ಪಂದ್ಯ ಮುಗಿಸಿ ಅವರು ತಮ್ಮ ಮನೆಗೆ ಬರಲಿಲ್ಲವಂತೆ. ಹುಡುಗನಾಗಿದ್ದಾಗ ಇದ್ದ ಮನೆಗೆ ಹೋಗಿ, ಅಲ್ಲಿದ್ದವರ ಬಾಗಿಲು ತಟ್ಟಿ, ಎಂದೋ ತೀರಿಹೋಗಿದ್ದ ತಾಯಿಯನ್ನು ಕೇಳಿದರಂತೆ.

"ಕ್ಲಬ್ಬಿನವರೆಲ್ಲ ಬಿದ್ದು ಬಿದ್ದು ನಕ್ಕರಂತೆ" ಎಂದು ಜಾಯ್ಸ್ ನಕ್ಕರು. "ಅಮ್ಮ ಮಾತ್ರ ಈ ಕಥೆ ಶುರುವಾದರೆ ಎದ್ದು ಹೋಗೋಳು. ಅವಳಿಗೆ ಹಾಸ್ಯ ಅಂದ್ರೆ ಆಗ್ತಿರಲಿಲ್ಲ."

ನಾನೂ ಸ್ವಲ್ಪ ನಕ್ಕೆ.

ಆಗಸ್ಟ್ ಮೊದಲ ವಾರ ಗ್ರೇಯಮ್ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಫ್ಲ್ಯಾಟಿನಲ್ಲಿ ಇಳಿಸಿದ. ಒಡೆದ ಕಟ್ಟಡದ ಅಟ್ಟದಲ್ಲಿ ಸಿಕ್ಕಿದ ಹಳೆಯ ಕಾಗದಗಳು. ಯಾರೂ ತೆರೆದು ನೋಡಿರಲಿಲ್ಲ. ನೀರು ಕುಡಿದು ಅಂಟಿಕೊಂಡಿದ್ದವನ್ನು ಹೀಟರಿನ ಮುಂದೆ ಒಣಗಿಸಿ, ಬೆಣ್ಣೆಯ ಚಾಕುವಿನಿಂದ ಒಂದೊಂದೇ ಬಿಡಿಸಿದೆ. ನಾಲ್ಕನೆಯ ದಿನ ಆ ಪತ್ರ ಸಿಕ್ಕಿತು. ಅದರೊಳಗೆ ಮಡಚಿದ ಅಮೆರಿಕದ ಪತ್ರಿಕೆಯ ತುಣುಕು. ನಿಮ್ಮ ಕ್ಯಾಪ್ಟನ್ ಹ್ಯಾಲಮ್ ನೆಡ್ ರೀಡ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಸಂಬಳಕ್ಕೆ ಆಡಿದ್ದಾರೆ, ನಿಮ್ಮ ನಿಯಮದಂತೆ ಅವರು ಆಡುವಂತಿಲ್ಲ, ದಯವಿಟ್ಟು ಇನ್ನು ಅವರನ್ನು ಆಡಲು ಬಿಡಬೇಡಿ, ದಯವಿಟ್ಟು. ಅಷ್ಟೇ. ತಾರೀಖು ಇತ್ತು, ಸಹಿ ಇರಲಿಲ್ಲ. ಕಮಿಟಿಗೆ ಬೇಕಾದ ಕಾಗದ ಅದೇ. ಅದಕ್ಕಿಂತ ಒಳ್ಳೆಯದು ಇರಲು ಸಾಧ್ಯವಿರಲಿಲ್ಲ.

ಹೊಟ್ಟೆಕಿಚ್ಚಿನವನು ಎರಡು ಸಲ ದಯವಿಟ್ಟು ಎನ್ನುವುದಿಲ್ಲ. ಅಕ್ಷರದ ಬಾಲಗಳು ಅರ್ಧಕ್ಕೇ ಮುರಿದಿದ್ದವು. ಹಾಳೆಗೆ ಗೆರೆಗಳಿದ್ದವು.

ಆ ಶನಿವಾರ ಜಾಯ್ಸ್ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ನಾನು ಅಡುಗೆಯ ಪುಸ್ತಕವನ್ನು ತೆರೆದು, ಚೀಲದಿಂದ ಪತ್ರ ತೆಗೆದು, ಹರಿದ ಅಂಚಿಗೆ ಅದರ ಅಂಚು ತಾಗಿಸಿದೆ. ಹಲ್ಲಿಗೆ ಹಲ್ಲು ಕೂಡಿತು. ಈ ಪತ್ರದಿಂದ ಆಟ ನಿಂತಿತು. ಎಂದರೆ ತಲೆಗೆ ಬೀಳುವ ಏಟು ನಿಂತಿತು. ಗಂಡ ಮನೆಯ ದಾರಿ ಮರೆತದ್ದಕ್ಕೆ ಊರೆಲ್ಲ ನಕ್ಕಾಗ ಒಬ್ಬಳು ನಗದೆ ಮಾಡಿದ ಕೆಲಸ ಇದು. ನಾನು ಪುಸ್ತಕ ಮುಚ್ಚಿ, ಇದ್ದಲ್ಲೇ ಇಟ್ಟು, ಬಚ್ಚಲು ತಿಕ್ಕಲು ಹೋದೆ.

ಎಚ್ಚರವಾದ ಮೇಲೆ ಜಾಯ್ಸ್ ಕೇಳಿದರು: "ಪೆಟ್ಟಿಗೇಲಿ ಏನಾದರೂ ಸಿಕ್ತಾ?"

"ಒಂದು ಪತ್ರ ಸಿಕ್ಕಿದೆ. ಕಾರಣ ಅಮೆರಿಕದ ಆಟವೇ."

"ಲೆಸ್ ಬರೆದದ್ದು."

"ಸಹಿ ಇಲ್ಲ."

"ಹೇಡಿಗೆ ಸಹಿ ಎಲ್ಲಿಂದ ಬರತ್ತೆ? ಅವನ ಹೆಸರು ಬರಿ. ಮೊಮ್ಮಗ ಓದಲಿ."

ನಾನು ಬಕೆಟ್ಟಿನ ನೀರು ಚೆಲ್ಲಲು ಹೋದೆ.

ಶಿಲ್ಪಾಗೆ ಹೇಳಿದೆ. ಅವಳು ನಗಲಿಲ್ಲ, ಕಂಬಳಿ ಸರಿಸಿ ಎದ್ದು ಕೂತಳು. "ಇದನ್ನ ಅಕಿ ಮುಂದ ಕೂತು, ಕೈ ಹಿಡಕೊಂಡು, ಬಾಯಿಲೇ ಹೇಳು. ಇಲ್ಲಾ ಹೇಳಬ್ಯಾಡ. ಎರಡರಾಗ ಒಂದು."

"ಸುಳ್ಳು ಬರೆಯಕ್ಕಾಗಲ್ಲ ಶಿಲ್ಪಾ. ಏನೂ ಮಾಡದ ಮನುಷ್ಯನ ಮೇಲೆ ಹೊರಿಸೋದು ಹೇಗೆ?"

"ಸುಳ್ಳ ಬರಿ ಅಂತ ಯಾರ ಅಂದ್ರು? ಸಹಿ ಇಲ್ಲ ಅಂತ ಬರದ್ರ ಸಾಲದೇನು? ಅದೂ ಖರೇನ ಅಲ್ಲ?"

ಸಾಕಾಗುತ್ತಿತ್ತು. ಸಹಿಯಿಲ್ಲದ ಪತ್ರ: ಎರಡೇ ಪದ. ಅದು ನಿಜವೂ ಆಗಿತ್ತು, ಯಾರನ್ನೂ ನೋಯಿಸುತ್ತಲೂ ಇರಲಿಲ್ಲ. ಆದರೆ ಹರಿದ ಅಂಚು ಕೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡದ್ದನ್ನು ದಾಖಲಿಸಬೇಕು ಎಂದು ಕಲಿತಿದ್ದೆ. ಆಗ ಅದನ್ನು ನಿಷ್ಠೆ ಎಂದುಕೊಂಡೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಹುಡುಕಿ ತೆಗೆದವಳು ನಾನು ಎಂಬ ಜಂಬವಿತ್ತು.

ಹನ್ನೆರಡು ಪುಟದ ಬರಹದಲ್ಲಿ ವಿಲ್ಫ್ ಹ್ಯಾಲಮ್ ಅವರ ಆಟದ ಬದುಕನ್ನೆಲ್ಲ ಬರೆದೆ: ಕಾರ್ಖಾನೆಯ ಬೇಲಿ, ಭಾನುವಾರಗಳು, ಲೇಸಿನ ಗಂಟು. ಪತ್ರದ ವಿಷಯ ಬಂದಲ್ಲಿ ಒಂದು ಅಡಿಟಿಪ್ಪಣಿ ಹಾಕಿದೆ. ಕೈಬರಹವೂ ಹರಿದ ಹಾಳೆಯೂ ಮಿಸೆಸ್ ಹ್ಯಾಲಮ್ ಅವರ ಅಡುಗೆಯ ಪುಸ್ತಕಕ್ಕೆ ಹೊಂದುತ್ತವೆ, ಪತ್ರ ಬರೆದವರು ಅವರೇ ಎಂಬುದರಲ್ಲಿ ಅನುಮಾನವಿಲ್ಲ ಎಂದು, ಸಣ್ಣಕ್ಷರದಲ್ಲಿ.

ಹಲಗೆ ಬರೆಯುವವನು ಬರುವ ದಿನ ಹತ್ತಿರವಾಗಿತ್ತು. "ಮುಗಿದ ತಕ್ಷಣ ಗ್ರೇಯಮ್‌ಗೆ ಕಳಿಸಿಬಿಡು, ನನಗೆ ಕಾಯಬೇಡ" ಎಂದು ಜಾಯ್ಸ್ ಅವರೇ ಹೇಳಿದ್ದರು. ಗುರುವಾರ ಸಂಜೆ ಈಮೇಲ್ ಮಾಡಿದೆ. ಇನ್ನೊಂದು ಪ್ರತಿಯನ್ನು ಲಕೋಟೆಗೆ ಹಾಕಿ, ಜಾಯ್ಸ್ ಅವರ ಮನೆಯ ತನಕ ನಡೆದುಹೋಗಿ, ಕಿಟಕಿಯಲ್ಲಿ ದೀಪ ಕಾಣುತ್ತಿದ್ದರೂ ಬಾಗಿಲು ತಟ್ಟದೆ, ಅಂಚೆಯ ಡಬ್ಬಿಯಲ್ಲಿ ಹಾಕಿ ಬಂದೆ. ಆ ಶನಿವಾರ ಬರಲಾಗುವುದಿಲ್ಲ, ಥೀಸಿಸ್ ಇದೆ ಎಂದು ಏಜೆನ್ಸಿಗೆ ತಿಳಿಸಿದೆ. ಅವರಿಗೆ ಓದಲು ಬಾರದೆಂಬುದನ್ನು ಗಡಿಬಿಡಿಯಲ್ಲಿ ಮರೆತೆ ಎಂದು ಶಿಲ್ಪಾಗೆ ಹೇಳಿದ್ದೇನೆ. ಮರೆತಿರಲಿಲ್ಲ. ಸೋಮವಾರ ಬರುವ ನರ್ಸ್ ಓದಿ ಹೇಳುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಯಾರಾದರೂ ಓದಲಿ, ನಾನಾಗದಿದ್ದರೆ ಸಾಕಿತ್ತು.

ಓದಿದವನು ಗ್ರೇಯಮ್. ಶನಿವಾರ ಬೆಳಿಗ್ಗೆ ಹತ್ತಕ್ಕೆ, ನನ್ನ ಹೊತ್ತಿಗೆ ಸರಿಯಾಗಿ, ಅವನು ಬಾಗಿಲು ತಟ್ಟಿದ್ದ. ಇದನ್ನು ಅವನೇ ನನಗೆ ಹೇಳಿದ್ದು, ಉದ್ಘಾಟನೆಯ ದಿನ, ಕೈಯಲ್ಲಿ ಬಿಯರ್ ಹಿಡಿದು.

"ಮೊದಲ ಸಲ ಒಳಗೆ ಕರೆದಳು ನೋಡು. ಟೀನೂ ಕೊಟ್ಟಳು. ಅಂಚೆ ಡಬ್ಬೀಲಿ ನಿನ್ನ ಲಕೋಟೆ ಇತ್ತು, ಅದನ್ನೇ ತೆಗೆದು ಪೂರ್ತಿ ಓದಿದೆ. ಲೇಸಿನ ಭಾಗ ಎರಡು ಸಲ ಓದಿಸಿದಳು. ಪತ್ರದ ಪುಟ ಮುಗಿದ ಮೇಲೆ, ಕೆಳಗೇನಿದೆ ಅಂತ ಕೇಳಿದಳು. ಓದಿದೆ."

"ಆಮೇಲೆ?"

"ಆಮೇಲೇನು? ನನ್ನಜ್ಜ ಅಲ್ಲ ಅಂತಾಯ್ತಲ್ಲ. ನಾನು ಖುಷೀಲಿ ಏನೋ ಅಂದೆ. ಅವಳು ಕಪ್ಪು ತೊಗೊಂಡು ಹೋಗಿ ತೊಳೆದಿಟ್ಟಳು. ನನ್ನ ಟೀ ಇನ್ನೂ ಮುಗಿದಿರಲಿಲ್ಲ."

ಸೋಮವಾರ ಏಜೆನ್ಸಿಯವರು ನನಗೆ ಬೇರೆ ಮನೆ ಕೊಟ್ಟರು. ಕಾರಣ ಹೇಳಲಿಲ್ಲ. ಅಪ್ಪನ ಹೆಸರು ಬೇಡ ಎಂದು ಜಾಯ್ಸ್ ಅದೇ ವಾರ ಕ್ಲಬ್ಬಿಗೆ ಫೋನು ಮಾಡಿದ್ದರಂತೆ. ಹಲಗೆ ಬರೆದಾಗಿತ್ತು. ಬೇಕೆನ್ನಲು ಅವರ ಮಾತಿಗೆ ಕಾಗದ ಕೇಳಿದವರಿಗೆ, ಬೇಡವೆಂದಾಗ ಅವರ ಮಾತೇ ಬೇಕಾಗಲಿಲ್ಲ.

ಹೊಸ ಹಾಲ್ ಬಣ್ಣದ ವಾಸನೆ ಹೊಡೆಯುತ್ತಿತ್ತು. ಹಲಗೆಯಲ್ಲಿ ಡಬ್ಲ್ಯೂ. ಹ್ಯಾಲಮ್ ಎಂಬ ಚಿನ್ನದ ಅಕ್ಷರ, ಅದರ ಕೆಳಗೆ ಎಲ್. ಬಾರ್ಕರ್. ಪಕ್ಕದ ಗೋಡೆಗೆ ದೊಡ್ಡದೊಂದು ಫಲಕ: ಅಮೆರಿಕದಲ್ಲಿ ವೃತ್ತಿಪರನಾಗಿ ಆಡಿದ ನಮ್ಮ ಕ್ಯಾಪ್ಟನ್. ವಾಕ್ಯಗಳು ನನ್ನವು. ನನ್ನ ಹೆಸರು ಇರಲಿಲ್ಲ. ಆ ಹೊತ್ತಿಗೆ ಅದು ಸಮಾಧಾನವೇ ಆಗಿತ್ತು. ಅಡಿಟಿಪ್ಪಣಿ ಮಾತ್ರ ಕೆಳಗಿರಲಿಲ್ಲ, ಅದನ್ನು ದಪ್ಪಕ್ಷರದಲ್ಲಿ ಮೇಲಕ್ಕೆ ತಂದಿದ್ದರು. ಹೆಂಡತಿಗಿಂತ ಕಠಿಣ ರೆಫರಿ ಇಲ್ಲ ಎಂದು ಗ್ರೇಯಮ್ ಭಾಷಣದಲ್ಲಿ ಹೇಳಿದ. ಹಾಲ್ ತುಂಬ ನಗು ಎದ್ದಿತು. ಅವರ ಅಜ್ಜಂದಿರೂ ಹೀಗೇ ನಕ್ಕಿರಬೇಕು. ಮುಂದಿನ ಸಾಲಿನಲ್ಲಿ ಜಾಯ್ಸ್‌ಗೆಂದು ಇಟ್ಟಿದ್ದ ಕುರ್ಚಿಯ ಮೇಲೆ ಯಾರೋ ಕೋಟು ಬಿಟ್ಟಿದ್ದರು.

ಅಕ್ಟೋಬರಿನಲ್ಲಿ, ವಾಯವ್ಯದ ಬಿಸಿಗಾಳಿ ಎದ್ದು ಬೀದಿಯ ಶಂಕುಗಳೆಲ್ಲ ಉರುಳಾಡುತ್ತಿದ್ದ ಒಂದು ಮಧ್ಯಾಹ್ನ, ನನ್ನ ಫೋನು ಹೊಡೆದುಕೊಂಡಿತು.

"ಜಾಯ್ಸ್ ಹ್ಯಾಲಮ್ ಮಾತಾಡ್ತಿರೋದು" ಎಂದರು, ಅಪರಿಚಿತರಿಗೆ ಹೇಳುವ ಹಾಗೆ. "ಒಂದೇ ವಿಷಯ ಕೇಳಬೇಕು. ಆ ಪತ್ರಕ್ಕೆ ತಾರೀಖು ಇತ್ತಾ?"

"ಇತ್ತು."

"ನಾನು ಹುಟ್ಟಿದ್ದೆನಾ ಅಷ್ಟು ಹೊತ್ತಿಗೆ?"

ನೆನಪಿಲ್ಲ ಎನ್ನಬಹುದಿತ್ತು. ಅಕ್ಷರ ಅಳಿಸಿತ್ತು ಎನ್ನಬಹುದಿತ್ತು. ನೀರು ಕುಡಿದ ಕಾಗದ, ನಂಬುತ್ತಿದ್ದರು. ಜುಲೈಯಲ್ಲಿ ಅವರಿಗೆ ಕೇಕ್ ಮಾಡಿಕೊಟ್ಟಿದ್ದ ನನಗೆ ಲೆಕ್ಕ ಬಾಯಿಗೆ ಬಂದಿತ್ತು.

"ಹುಟ್ಟಿ ಹನ್ನೊಂದು ದಿನವಾಗಿತ್ತು" ಎಂದೆ.

ಅವರ ಉಸಿರು ಕೇಳುತ್ತಿತ್ತು.

"ಹಾಗಾದರೆ ನನಗೋಸ್ಕರ" ಎಂದರು. "ಲೆಸ್ ಬಾರ್ಕರ್ ಹೆಣ ನಮ್ಮ ಬೀದೀಲೇ ಹೋಯ್ತು. ನಾನು ರೇಡಿಯೋ ಜೋರು ಮಾಡಿ ಕಿಟಕಿ ತೆಗೆದಿಟ್ಟಿದ್ದೆ. ಅಮ್ಮ ಅಲ್ಲೇ ಕೂತಿದ್ದಳು. ಏನೂ ಹೇಳಲಿಲ್ಲ."

ಗಾಳಿಗೆ ನಮ್ಮ ಮನೆಯ ತಗಡು ಬಡಿದುಕೊಳ್ಳುತ್ತಿತ್ತು.

"ಥ್ಯಾಂಕ್ಯೂ" ಎಂದರು. ಮೊದಲಿನ ಹಾಗೆ ಕೊನೆಗೆ ಲವ್ ಸೇರಿಸಲಿಲ್ಲ.

ಹೇಳಬೇಕಾದ ಮಾತು ಆಗ ನನ್ನ ಬಳಿ ಇತ್ತು. ನಿಮ್ಮಪ್ಪ ಎಪ್ಪತ್ತೊಂಬತ್ತು ವರ್ಷ ಬದುಕಿದರು, ಕೊನೆಯ ತನಕ ಮನೆಯ ದಾರಿ ಮರೆಯಲಿಲ್ಲ, ನಿಮ್ಮ ಹೆಸರು ಮರೆಯಲಿಲ್ಲ, ನಿಮ್ಮ ಬೂಟಿನ ಲೇಸು ಕಟ್ಟಿದರು. ಅದನ್ನೆಲ್ಲ ನೀವೇ ನನಗೆ ಹೇಳಿದ್ದು, ಆ ಪತ್ರ ಕೊಟ್ಟದ್ದು ಅದನ್ನು. ಆದರೆ ಫೋನು ಇಡುತ್ತಿರುವವರನ್ನು ಮೊದಲು ಕರೆದು ನಿಲ್ಲಿಸಬೇಕು. ಹತ್ತಿರ ಹೋಗಿ ನಿಲ್ಲಲು ಅಲ್ಲಿ ಜಾಗವಿರಲಿಲ್ಲ. ಏನೆಂದು ಕರೆಯಲಿ ಎಂದು ನಾನು ಹುಡುಕುತ್ತಿರುವಾಗಲೇ ಆಚೆ ಕಡೆ ಕ್ಲಿಕ್ಕೆಂದಿತು.

"ಜಾಯ್ಸ್" ಎಂದು ನಾನು ಅವರನ್ನು ಮೊದಲ ಸಲ ಕರೆದದ್ದು ಅದಾದ ಮೇಲೆ, ಯಾರೂ ಇಲ್ಲದ ಫೋನಿನೊಳಗೆ.